ರಾಗಿಯ ತೆನೆಯೊಳಗಣ ರಂಗವಲ್ಲಿ

ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾದದ್ದು 1996ರ ಜೂನ್ ತಿಂಗಳಿನಲ್ಲಿ. ಆ ಊರಿನಲ್ಲಿ 1933ರಲ್ಲಿ ಜನಿಸಿದ ಎಚ್. ಡಿ. ದೇವೇಗೌಡರು ಆಗ ಭಾರತದ ಪ್ರಧಾನಮಂತ್ರಿಗಳಾದರು. ಅವರ ಹೆಸರಿನ ಮೊದಲ ಅಕ್ಷರದಲ್ಲೇ ಊರು ಅಡಗಿ ಕುಳಿತಿದೆ. ಆದರೆ ಹೇಮಾವತಿಯ ಈ ಸೀಮೆಗೆ ಪ್ರಧಾನಿಗಳಿಗಿಂತಲೂ ಬಹು ಹಳೆಯದಾದ ಗುರುತೊಂದುಂಟು. ಅದು ರಾಗಿ. ಮುಂಗಾರಿನಲ್ಲಿ ಬಿತ್ತಿ, ಕಾರ್ತಿಕ ಮಾರ್ಗಶಿರಗಳಲ್ಲಿ ಕುಯ್ದು, ಕಣದಲ್ಲಿ ಒಕ್ಕಿ, ಮುದ್ದೆಯಾಗಿ ಉಣ್ಣುವ ಈ ಧಾನ್ಯವಿಲ್ಲದೆ ಹಳೆಯ ಮೈಸೂರಿನ ಮನೆಯಿಲ್ಲ.

ಕಣದಲ್ಲಿ ನಿಂತ ರೈತನು ರಾಶಿಗೆ ಹೋಗುವ ತೆನೆಗಳ ನಡುವೆ ಕೆಲವನ್ನು ಬೇರೆಯಾಗಿ ಎತ್ತಿಡುವುದುಂಟು. ಬೆರಳುಗಳು ಒತ್ತಾಗಿ ಮಡಿಚಿಕೊಂಡ, ಕಾಳು ತುಂಬಿದ, ಬೆಂಕಿರೋಗ ತಟ್ಟದ ತೆನೆಗಳವು. ಬರುವ ವರ್ಷದ ಬಿತ್ತನೆಗೆ ಮೀಸಲು. ಈ ಆಯ್ಕೆಗೆ ಶಾಸ್ತ್ರದ ಹೆಸರನ್ನು ಯಾರೂ ಕೊಡಲಿಲ್ಲ. ತಾತನು ಆರಿಸಿದ, ತಂದೆ ಆರಿಸಿದ, ಮಗನೂ ಆರಿಸುತ್ತಾನೆ. ಸಾವಿರಾರು ವರ್ಷ ಹೀಗೆ ಆರಿಸುತ್ತ ಬಂದುದರ ಫಲವಾಗಿ ಪೂರ್ವ ಆಫ್ರಿಕದ ಎತ್ತರದ ಪ್ರದೇಶದ ಒಂದು ಹುಲ್ಲು ನಮ್ಮ ತಟ್ಟೆಯ ಮುದ್ದೆಯಾಗಿದೆ. ಅದೇ ಆಯ್ಕೆಯ ವಿದ್ಯೆಯನ್ನು ಇಂದು ಗಣಕಯಂತ್ರಕ್ಕೆ ಕಲಿಸಿ, ಜೀವದ ಬರೆವಣಿಗೆಯಿಂದ ಚಿತ್ರ ಬಿಡಿಸುವ ಕೆಲಸಕ್ಕೆ ಹಚ್ಚಿದ್ದಾರೆ ಎಂದರೆ ವಾಚಕರಿಗೆ ಸೋಜಿಗವೆನಿಸಬಹುದು. ಆ ಚಿತ್ರಗಳನ್ನು ಕಂಡವರಿಗೆ ಮೊದಲು ನೆನಪಾಗುವುದು ಹೊಸಿಲ ಮುಂದಣ ಚುಕ್ಕಿ ರಂಗೋಲಿ.

145 ಕೋಟಿ ಅಕ್ಷರಗಳ ಗ್ರಂಥ

ಜೀವಿಯ ಪ್ರತಿಯೊಂದು ಕೋಶದೊಳಗೆ ಡಿಎನ್‌ಎ ಎಂಬ ಉದ್ದನೆಯ ಎಳೆಯಿರುವುದೂ, ಆ ಎಳೆಯಲ್ಲಿ ಅಡೆನಿನ್, ಸೈಟೊಸಿನ್, ಗ್ವಾನಿನ್, ಥೈಮಿನ್ ಎಂಬ ನಾಲ್ಕೇ ಬಗೆಯ ಘಟಕಗಳು ಒಂದರ ಮುಂದೊಂದು ಕೋದುಕೊಂಡಿರುವುದೂ ಇಂದು ಪ್ರೌಢಶಾಲೆಯ ಮಕ್ಕಳಿಗೂ ಗೊತ್ತು. ಅವುಗಳನ್ನು ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳಿಂದ ಗುರುತಿಸುತ್ತಾರೆ. ನಮ್ಮ ವರ್ಣಮಾಲೆಯ ಸಂಪತ್ತಿನ ಮುಂದೆ ನಾಲ್ಕು ಅಕ್ಷರವೆಂದರೆ ದಾರಿದ್ರ್ಯವೇ ಸರಿ. ಆದರೆ ಆ ನಾಲ್ಕರಿಂದಲೇ ಆನೆಯೂ ಆಗಿದೆ, ಅಣಬೆಯೂ ಆಗಿದೆ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶೈಲಜಾ ಹಿತ್ತಲಮನಿಯವರ ಮುಂದಾಳುತನದಲ್ಲಿ ವಿಜ್ಞಾನಿಗಳು ರಾಗಿಯ ಈ ಬರೆವಣಿಗೆಯನ್ನು ಓದಿ 2017ರಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡದ್ದು ಬರವನ್ನು ತಾಳಿಕೊಳ್ಳುವ ಎಂ.ಎಲ್.-365 ಎಂಬ ತಳಿ. ಕೂಡಿಸಿ ಜೋಡಿಸಲು ಸಾಧ್ಯವಾದುದು 119 ಕೋಟಿ 60 ಲಕ್ಷ ಅಕ್ಷರಗಳು; ಇದು ಒಟ್ಟು ಗ್ರಂಥದ ಸುಮಾರು ನೂರಕ್ಕೆ 82 ಭಾಗವೆಂದು ಅವರ ಎಣಿಕೆ. ಅಂದರೆ ಇಡೀ ಗ್ರಂಥ ಸುಮಾರು 145 ಕೋಟಿ ಅಕ್ಷರಗಳಷ್ಟು. ಪುಟಕ್ಕೆ 3,000 ಅಕ್ಷರದಂತೆ, 64 ಪುಟಗಳ ವಾರಪತ್ರಿಕೆಯೊಂದು ಧಾರಾವಾಹಿಗೂ ಜಾಗ ಬಿಡದೆ, ಜಾಹೀರಾತನ್ನೂ ಕೈಬಿಟ್ಟು, ರಾಗಿಯ ಅಕ್ಷರಗಳನ್ನೇ ಅಚ್ಚು ಹಾಕುತ್ತ ಹೋದರೆ ಮುಗಿಯಲು 145 ವರ್ಷ ಬೇಕು. ಚಂದಾದಾರರು ಅಷ್ಟು ಕಾಲ ಕಾಯುವರೆಂದು ಯಾವ ಸಂಪಾದಕರೂ ನಂಬಲಾರರು.

ಇದರಲ್ಲಿ 85,243 ಜೀನುಗಳಿರಬಹುದೆಂದು ಆ ತಂಡದ ಅಂದಾಜು. ಗ್ರಂಥದ ಅರ್ಧದಷ್ಟು ಭಾಗ ಮತ್ತೆ ಮತ್ತೆ ಮರುಕಳಿಸುವ ಬರೆವಣಿಗೆ. ಹರಿಕಥೆಯ ಪಲ್ಲವಿಯಂತೆ ಬಂದದ್ದೇ ಬರುತ್ತಿರುತ್ತದೆ. ಬರ ತಾಳುವ ಗುಣ ಯಾವ ಸಾಲಿನಲ್ಲಿದೆ, ಬೆಂಕಿರೋಗವನ್ನು ಎದುರಿಸುವ ಗುಣ ಯಾವ ಪುಟದಲ್ಲಿದೆ? ಈ ಪ್ರಶ್ನೆಗೆ ಉತ್ತರ ಸಿಗುವುದೂ ಸಿಗದಿರುವುದೂ ಮಳೆಯನ್ನೇ ನಂಬಿದ ಹೊಲಗಳಿಗೆ ಅನ್ನದ ಪ್ರಶ್ನೆ. ಬರಿಗಣ್ಣಿನಿಂದ ಆ ಸಾಲುಗಳನ್ನು ನೋಡಿದರೆ ಕಾಣುವುದು ಎಎಜಿಟಿಸಿಸಿಎ ಎಂಬ ಗೊಣಗಾಟ ಮಾತ್ರ. ಹುಡುಕುವ ಕೆಲಸವನ್ನು ಲೆಕ್ಕದ ಮೂಲಕ ಮಾಡುವ ವಿಧಾನಗಳು ಹಲವಿವೆ. ಕಣ್ಣಿಗೂ ಒಂದು ದಾರಿ ಬೇಕೆಂದು ಹಂಬಲಿಸಿದವರು ಚಿತ್ರವನ್ನು ಹಿಡಿದರು.

ನಾಲ್ಕು ಮೂಲೆಯ ಆಟ

ಮನೆಯ ಮಕ್ಕಳೂ ಆಡಬಹುದಾದ ಒಂದು ಆಟದಿಂದ ಇದನ್ನು ತಿಳಿಯುವುದು ಸುಲಭ. ಹಾಳೆಯ ಮೇಲೆ ತ್ರಿಕೋನದ ಮೂರು ಮೂಲೆಗಳನ್ನು ಗುರುತಿಸಿ. ನಡುವೆ ಎಲ್ಲಿಯಾದರೂ ಒಂದು ಚುಕ್ಕಿಯಿಡಿ. ದಾಳವನ್ನು ಉರುಳಿಸಿ; ಒಂದು ಎರಡು ಬಿದ್ದರೆ ಮೊದಲ ಮೂಲೆ, ಮೂರು ನಾಲ್ಕು ಬಿದ್ದರೆ ಎರಡನೆಯದು, ಐದು ಆರು ಬಿದ್ದರೆ ಮೂರನೆಯದು. ಚುಕ್ಕಿಯಿಂದ ಆ ಮೂಲೆಯ ಕಡೆಗೆ ಸರಿಯಾಗಿ ಅರ್ಧ ದಾರಿ ಹೋಗಿ ಹೊಸ ಚುಕ್ಕಿಯಿಡಿ. ಅಲ್ಲಿಂದ ಮತ್ತೆ ದಾಳ, ಮತ್ತೆ ಅರ್ಧ ದಾರಿ. ನೂರು ಚುಕ್ಕಿಗೆ ಏನೂ ತಿಳಿಯದು. ಸಾವಿರಗಳ ಮೇಲೆ ಹೋದಾಗ ಹಾಳೆಯ ಮೇಲೆ ತ್ರಿಕೋನದೊಳಗೆ ತ್ರಿಕೋನ, ಅದರೊಳಗೆ ಇನ್ನೂ ಚಿಕ್ಕ ತ್ರಿಕೋನಗಳು ತಾವಾಗಿ ಮೂಡುತ್ತವೆ. ದಾಳ ಕುರುಡು, ನಿಯಮ ಸರಳ. ಚಿತ್ರ ಮಾತ್ರ ಬೆರಗಿನದು.

ಭಾಗದಲ್ಲಿ ಇಡಿಯ ರೂಪವೇ ಮರುಕಳಿಸುವ ಇಂಥ ಆಕೃತಿಗಳಿಗೆ ಬೆನ್ವಾ ಮ್ಯಾಂಡೆಲ್‌ಬ್ರಾಟ್ ಎಂಬ ಗಣಿತಜ್ಞರು 1975ರಲ್ಲಿ ‘ಫ್ರಾಕ್ಟಲ್’ ಎಂದು ಹೆಸರಿಟ್ಟರು. ಸಕಲೇಶಪುರದ ಘಟ್ಟದಲ್ಲಿ ಬೆಳೆಯುವ ಜರಿಗಿಡದ ಒಂದು ಎಲೆಯನ್ನು ಕಿತ್ತು ನೋಡಿದರೆ ಸಾಕು, ಎಸಳೊಂದೊಂದೂ ಇಡೀ ಎಲೆಯ ಅಚ್ಚು. ಮೈಕೇಲ್ ಬಾರ್ನ್ಸ್‌ಲಿ ಎಂಬವರು ಕೇವಲ ನಾಲ್ಕು ನಿಯಮಗಳಿಂದ ಅಂಥ ಜರಿಎಲೆಯನ್ನು ಗಣಕಯಂತ್ರದಲ್ಲಿ ಬಿಡಿಸಿ 1988ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಬೇಲೂರಿನ ಗುಡಿಯ ಮೆಟ್ಟಿಲುಗಳ ಇಕ್ಕೆಲದಲ್ಲಿ ಗುಡಿಯದೇ ಪುಟ್ಟ ಮಾದರಿಗಳನ್ನು ನಿಲ್ಲಿಸಿರುವುದನ್ನು ಕಂಡವರಿಗೆ ಈ ಭಾವ ಹೊಸದಲ್ಲ. ಹಾಗೆಂದು ಹೊಯ್ಸಳರ ಶಿಲ್ಪಿಗಳಿಗೆ ಫ್ರಾಕ್ಟಲ್ ಗಣಿತ ಗೊತ್ತಿತ್ತೆಂದು ಭಾಷಣ ಮಾಡುವುದು ಅತಿಯಾದೀತು. ಅವರ ಕಣ್ಣಿಗೆ ಚೆಂದ ಗೊತ್ತಿತ್ತು. ಅಷ್ಟು ಗೌರವ ಸಾಲದೆ?

ಇನ್ನು ತ್ರಿಕೋನಕ್ಕೆ ಬದಲಾಗಿ ಚೌಕವನ್ನು ತೆಗೆದುಕೊಂಡು ನಾಲ್ಕು ಮೂಲೆಗಳಿಗೂ ಸಮನಾದ ಅವಕಾಶ ಕೊಟ್ಟು ಆಡಿದರೆ ಏನಾಗುವುದು? ಏನೂ ಆಗುವುದಿಲ್ಲ. ಚೌಕವೆಲ್ಲ ಒಂದೇ ಸಮನಾಗಿ ಚುಕ್ಕಿಗಳಿಂದ ತುಂಬಿಹೋಗುತ್ತದೆ. ಈ ‘ಏನೂ ಆಗದಿರುವುದು’ ಅಮೆರಿಕದ ಜೋಯೆಲ್ ಜೆಫ್ರಿ ಎಂಬ ವಿಜ್ಞಾನಿಗೆ ವರವಾಗಿ ಕಂಡಿತು. ಅವರು ನಾಲ್ಕು ಮೂಲೆಗಳಿಗೆ ಎ, ಸಿ, ಜಿ, ಟಿ ಎಂದು ಹೆಸರಿಟ್ಟು, ದಾಳವನ್ನು ಬದಿಗಿಟ್ಟು, ಅದರ ಸ್ಥಾನದಲ್ಲಿ ಡಿಎನ್‌ಎಯ ಅಕ್ಷರಗಳನ್ನೇ ಓದುತ್ತ ಹೋದರು. ಡಿಎನ್‌ಎ ದಾಳದಂತೆ ಗೊತ್ತುಗುರಿಯಿಲ್ಲದ್ದಾದರೆ ಚೌಕ ತುಂಬಬೇಕು. ತುಂಬಲಿಲ್ಲ. 1990ರಲ್ಲಿ ಅವರು ಪ್ರಕಟಿಸಿದ ಚಿತ್ರಗಳಲ್ಲಿ ಮನುಷ್ಯನ ಡಿಎನ್‌ಎಯ ಚೌಕದೊಳಗೆ ಸೌಟಿನಿಂದ ಎತ್ತಿ ತೆಗೆದಂತೆ ಖಾಲಿ ಜಾಗಗಳಿದ್ದವು. ದೊಡ್ಡ ಖಾಲಿಯ ಪಡಿಯಚ್ಚಾಗಿ ಚಿಕ್ಕ ಖಾಲಿಗಳು ಎಲ್ಲೆಲ್ಲೂ ಹರಡಿದ್ದವು.

ಆ ಖಾಲಿಗೆ ಕಾರಣ ತಿಳಿಯಬೇಕಾದರೆ ಚುಕ್ಕಿಯ ವಿಳಾಸವನ್ನು ಓದಲು ಕಲಿಯಬೇಕು. ಅರ್ಧ ದಾರಿ ನಡೆದ ಚುಕ್ಕಿ ಯಾವ ಅಕ್ಷರದ ಕಾಲುಚೌಕದಲ್ಲಿದೆಯೋ ಅದೇ ಕೊನೆಗೆ ಓದಿದ ಅಕ್ಷರ. ಆ ಕಾಲುಚೌಕವನ್ನು ಮತ್ತೆ ನಾಲ್ಕು ಮಾಡಿದರೆ ಅದರ ಹಿಂದಿನ ಅಕ್ಷರ ಸಿಗುತ್ತದೆ; ಮತ್ತೆ ನಾಲ್ಕು ಮಾಡಿದರೆ ಅದರ ಹಿಂದಿನದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಅಂಚೆಯವನು ಇಳಿದುಬರುವಂತೆಯೇ ಇದು. ಎಂಟು ಸಲ ಇಳಿದರೆ 65,536 ಪುಟ್ಟ ಮನೆಗಳಾಗುತ್ತವೆ, ಎಂಟಕ್ಷರದ ಒಂದೊಂದು ಪದಕ್ಕೂ ಒಂದು ಮನೆ. ಮನುಷ್ಯನ ಡಿಎನ್‌ಎಯಲ್ಲಿ ಸಿ ಆದಮೇಲೆ ಕೂಡಲೇ ಜಿ ಬರುವುದು ಬಹು ವಿರಳ. ಬರಬೇಕಾದುದರ ಐದನೆಯ ಒಂದು ಪಾಲಿನಷ್ಟು ಮಾತ್ರ ಬರುತ್ತದೆ. ಅಂಥ ಜಾಗದ ಸಿ ಅಕ್ಷರಕ್ಕೆ ಮೆಥೈಲ್ ಎಂಬ ರಾಸಾಯನಿಕ ಗುಂಪು ಅಂಟಿಕೊಳ್ಳುವುದರಿಂದ ಅದು ಕಾಲಕ್ರಮದಲ್ಲಿ ಟಿ ಆಗಿ ಮಾರ್ಪಡುವ ಸಂಭವ ಹೆಚ್ಚು. ಆದುದರಿಂದ ಜಿ ಕಾಲುಚೌಕದೊಳಗಿನ ಸಿ ಮನೆ ಬರಿದು. ಅದು ಬರಿದಾದಮೇಲೆ ಸಿ-ಜಿ ಎಂಬ ಜೋಡಿಯನ್ನು ಹೊತ್ತ ಎಲ್ಲ ಸಣ್ಣ ಮನೆಗಳೂ ಬರಿದಾಗಲೇಬೇಕಷ್ಟೆ. ಲಕ್ಷಾಂತರ ವರ್ಷಗಳ ಸವೆತ ಒಂದು ಚೌಕದೊಳಗೆ ಕಣ್ಣಿಗೆ ಕಾಣುವಂತಾಯಿತು.

ಚೆಂದವೊಂದೇ ಸಾಕೆ?

ಚಿತ್ರಗಳು ಜನಪ್ರಿಯವಾದ ಮೂರು ವರ್ಷಕ್ಕೆ ನಿಕ್ ಗೋಲ್ಡ್‌ಮನ್ ಎಂಬವರು ತಣ್ಣೀರೆರಚಿದರು. ಅವರ ಪರೀಕ್ಷೆ ಸರಳವಾದುದು. ಎರಡಕ್ಷರ ಮೂರಕ್ಷರದ ಪದಗಳು ನಿಜವಾದ ಡಿಎನ್‌ಎಯಲ್ಲಿ ಎಷ್ಟು ಸಲ ಬರುತ್ತವೆಂದು ಎಣಿಸಿಕೊಂಡು, ಅದೇ ಪ್ರಮಾಣದಲ್ಲಿ ಗಣಕಯಂತ್ರದಿಂದ ಸುಳ್ಳು ಡಿಎನ್‌ಎ ಬರೆಸಿ ಆಟವಾಡಿದರು. ಅದೇ ಚಿತ್ರ ಬಂದಿತು. ಹಾಗಾದರೆ ಚೌಕದ ಮಾಯೆಯೆಲ್ಲ ಜೋಡಿಗಳ, ತ್ರಿವಳಿಗಳ ಎಣಿಕೆಯೇ ಹೊರತು ಬೇರಲ್ಲ. ಒಂದು ಪಟ್ಟಿಯಲ್ಲಿ ಬರೆಯಬಹುದಾದುದಕ್ಕೆ ಇಷ್ಟು ಅಲಂಕಾರವೇಕೆ ಎಂಬುದು 1993ರ ಅವರ ಪ್ರಬಂಧದ ಧ್ವನಿ.

ಮಾತು ಕಹಿಯಾದರೂ ಬೇಕಾದುದೇ ಆಗಿತ್ತು. ಕಣ್ಣಿಗೆ ಹಬ್ಬವಾದುದೆಲ್ಲ ಬುದ್ಧಿಗೆ ಊಟವಾಗುವುದಿಲ್ಲ. ಆದರೆ ವಾದ ಅಲ್ಲಿಗೆ ಮುಗಿಯಲಿಲ್ಲ. ಫ್ರಾನ್ಸಿನ ಪ್ಯಾಟ್ರಿಕ್ ದೆಶಾವಾನ್ ಮತ್ತು ಅವರ ಸಂಗಡಿಗರು 1999ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು: ಒಂದು ಜೀವಿಯ ಗ್ರಂಥದ ಯಾವುದೋ ಒಂದು ಸಣ್ಣ ತುಣುಕನ್ನು ಕೊಟ್ಟರೂ ಅದರ ಚೌಕದ ಚಿತ್ರ ಆ ಜೀವಿಯ ಇಡೀ ಗ್ರಂಥದ ಚಿತ್ರವನ್ನು ಹೋಲುತ್ತದೆ, ಬೇರೆ ಜೀವಿಯದನ್ನಲ್ಲ. ಹಸ್ತಾಕ್ಷರದಂತೆ ಇದೂ ಒಂದು ಸಹಿ. 2020ರಲ್ಲಿ ಮಹಾಮಾರಿಯಾಗಿ ಹರಡಿದ ಕೊರೋನ ವೈರಾಣುವಿನ 29,903 ಅಕ್ಷರಗಳ ಬರೆವಣಿಗೆ ಯಾವ ವಂಶಕ್ಕೆ ಸೇರಿದ್ದೆಂದು ವಿಂಗಡಿಸಲು ಕೆನಡಾದ ವಿಜ್ಞಾನಿಗಳು ಬಳಸಿದ ಸಾಧನಗಳಲ್ಲಿ ಈ ನಾಲ್ಕು ಮೂಲೆಯ ಆಟವೂ ಒಂದು. ಬಾವಲಿಗಳ ವೈರಾಣುಗಳ ಸಾಲಿನಲ್ಲೇ ಅದು ಹೋಗಿ ಕುಳಿತಿತು.

ಪದಚ್ಛೇದದ ತೊಡಕು

ಜೀನುಗಳನ್ನು ಓದುವವರಿಗೆ ಇನ್ನೊಂದು ಕಷ್ಟವಿದೆ. ಹಾಸನ ಜಿಲ್ಲೆಯವರಿಗೆ ಅದನ್ನು ಹಲ್ಮಿಡಿ ಶಾಸನದ ಮೂಲಕ ಹೇಳಬಹುದು. ಬೇಲೂರು ತಾಲ್ಲೂಕಿನ ಆ ಹಳ್ಳಿಯಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ. ಶ. 450ರದೆನ್ನಲಾದ ಕನ್ನಡದ ಕಲ್ಲಿನ ಬರೆಹ ಅದು. ಹಳೆಯ ಶಾಸನಗಳನ್ನು ಬರೆದವರು ಇಂದಿನಂತೆ ಪದ ಪದಕ್ಕೂ ನಡುವೆ ಜಾಗ ಬಿಡುತ್ತಿರಲಿಲ್ಲ. ಎಲ್ಲಿ ಬಿಡಿಸಬೇಕೆಂಬುದು ಓದುಗನ ಪಾಂಡಿತ್ಯಕ್ಕೆ ಬಿಟ್ಟದ್ದು. ಜೀವವೂ ಹಾಗೆಯೇ ಬರೆದಿದೆ. ಜೀನಿನ ಪದಗಳೆಲ್ಲ ಮೂರು ಮೂರು ಅಕ್ಷರದವು, ನಡುವೆ ಜಾಗವಿಲ್ಲ. ‘ಅವನಮಗಳುಬರೆದಪದವು’ ಎಂಬುದನ್ನು ಮೊದಲಿನಿಂದ ಮೂರು ಮೂರಾಗಿ ಬಿಡಿಸಿದರೆ ‘ಅವನ ಮಗಳು ಬರೆದ ಪದವು’. ಒಂದೇ ಅಕ್ಷರ ತಡವಾಗಿ ಹೊರಟರೆ ‘ವನಮ ಗಳುಬ ರೆದಪ’! ಡಿಎನ್‌ಎಗೆ ಎರಡು ಎಳೆಗಳಿರುವುದರಿಂದ ಹೀಗೆ ಆರು ಬಗೆಯಾಗಿ ಓದಬಹುದು. ಜೀನೊಂದಕ್ಕೆ ಸಾಮಾನ್ಯವಾಗಿ ಅದರಲ್ಲಿ ಒಂದೇ ಸರಿ.

ಮೂರಕ್ಷರದ ಪದಗಳು ಒಟ್ಟು 64. ಅವುಗಳ ಅರ್ಥವನ್ನು ಬಿಡಿಸಿದ ಸಾಧನೆಗಾಗಿ ಅವಿಭಜಿತ ಭಾರತದಲ್ಲಿ ಹುಟ್ಟಿದ ಹರಗೋವಿಂದ ಖೊರಾನರಿಗೆ, ನೈರೆನ್‌ಬರ್ಗ್ ಮತ್ತು ಹಾಲಿ ಅವರೊಡನೆ, 1968ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಸರಿಯಾದ ಓದಿಗೊಂದು ಚಿತ್ರ, ತಪ್ಪು ಓದಿಗೆ ಬೇರೊಂದು ಚಿತ್ರ ಬರುವಂತೆ ಮಾಡಲಾದೀತೆ? ಗಣಿತದ ಅಧ್ಯಾಪಕರಾಗಿದ್ದ ಡೇನಿಯಲ್ ಆಶ್‌ಲಾಕ್ ಮತ್ತು ಜಿಮ್ ಗೋಲ್ಡನ್ ಎಂಬವರು 2000ದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಮೂಲೆಗಳು ನಾಲ್ಕೇ ಇರಬೇಕೆಂದೇನು, ‘ಅರ್ಧ ದಾರಿ’ಯೇ ಏಕೆ? ಕೆಲವು ಪದಗಳು ಚುಕ್ಕಿಯನ್ನು ಇಲ್ಲಿಗೆ ಎಳೆಯಲಿ, ಕೆಲವು ಸ್ವಲ್ಪ ತಿರುಗಿಸಿ ಅಲ್ಲಿಗೆ ಎಳೆಯಲಿ. ಆದರೆ ಯಾವ ಪದಕ್ಕೆ ಯಾವ ನಿಯಮ? ನಿಯಮಗಳು ಎಂಟೇ ಎಂದಿಟ್ಟುಕೊಂಡರೂ 64 ಪದಗಳಿಗೆ ಅವನ್ನು ಹಂಚುವ ರೀತಿಗಳ ಸಂಖ್ಯೆ 58 ಅಂಕಿಗಳಷ್ಟು ಉದ್ದವಾಗುತ್ತದೆ. ಒಂದೊಂದಾಗಿ ನೋಡುತ್ತ ಹೋದರೆ ಜಗತ್ತಿನ ಆಯುಸ್ಸು ಸಾಲದು.

ಗಣಕಯಂತ್ರದ ಕಣ

ಇಲ್ಲಿಗೆ ಬಂದು ನಿಲ್ಲುತ್ತಾನೆ ತೆನೆ ಆರಿಸುವ ರೈತ.

ಮಂಡ್ಯದ ವಿ. ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ಕನ್ನಡ ನಾಡು ‘ರಾಗಿ ಬ್ರಹ್ಮ’ ಎಂದು ಕರೆದಿದೆ. ರಾಗಿಯ ಹೂ ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದು ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುವ ಜಾತಿ. ಎರಡು ತಳಿಗಳನ್ನು ಕೂಡಿಸುವುದು ಸೂಜಿಯ ಮೊನೆಯ ಮೇಲೆ ಮದುವೆ ಮಾಡಿದಂತೆ. ಹಾಗಿದ್ದರೂ ಅವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ, ಹುಟ್ಟಿದ ಸಂತತಿಯಲ್ಲಿ ಉತ್ತಮವಾದುವನ್ನು ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ ‘ಇಂಡಾಫ್’ ಎಂಬ ತಳಿಗಳನ್ನು ನಾಡಿಗೆ ಕೊಟ್ಟರು. ಇಂಡಿಯ, ಆಫ್ರಿಕ ಎರಡೂ ಆ ಹೆಸರಿನಲ್ಲಿವೆ. ಬಹುಕಾಲದ ಹಿಂದೆ ಅಗಲಿದ ದಾಯಾದಿಗಳು ಮಂಡ್ಯದಲ್ಲಿ ಮತ್ತೆ ಒಂದಾದರು. 1970ರ ದಶಕದಿಂದ ಆ ತಳಿಗಳು ಹೊಲಗಳಿಗೆ ಹೋಗಿ ಇಳುವರಿಯನ್ನು ಹೆಚ್ಚಿಸಿದುವು.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಜಾನ್ ಹಾಲೆಂಡ್ ಅವರು 1975ರಲ್ಲಿ ಗ್ರಂಥರೂಪದಲ್ಲಿ ಹೇಳಿದ್ದು ಬಹುಮಟ್ಟಿಗೆ ಇದೇ ಕೆಲಸವನ್ನು, ಗದ್ದೆಯಿಲ್ಲದೆ. ವಿಕಾಸ ಕ್ರಮವಿಧಿ ಎನ್ನಬಹುದಾದ ಈ ಪದ್ಧತಿಯಲ್ಲಿ ಮೊದಲು ನೂರಾರು ‘ರಂಗೋಲಿ ನಿಯಮ’ಗಳನ್ನು ಕಣ್ಣು ಮುಚ್ಚಿ ಬರೆಯುತ್ತಾರೆ. ಬಹುಪಾಲು ಕೆಟ್ಟವೇ. ಪ್ರತಿಯೊಂದಕ್ಕೂ ಸರಿಯಾದ ಓದಿನ ಡಿಎನ್‌ಎ, ತಪ್ಪು ಓದಿನ ಡಿಎನ್‌ಎ ಎರಡನ್ನೂ ಉಣಿಸಿ ಚುಕ್ಕಿ ಹಾಕಿಸುತ್ತಾರೆ. ಎರಡು ಬಗೆಯ ಚುಕ್ಕಿಗಳು ಒಂದರ ಮೇಲೊಂದು ಬಿದ್ದು ಕಲಸಿಹೋದರೆ ಸೊನ್ನೆ. ಬೇರೆ ಬೇರೆಯಾಗಿ ದೂರ ಬಿದ್ದಷ್ಟೂ ಅಂಕ ಹೆಚ್ಚು. ಅಂಕ ಹೆಚ್ಚು ಪಡೆದವು ಬೀಜದ ತೆನೆಗಳು. ಅವನ್ನು ಎರಡೆರಡಾಗಿ ಕೂಡಿಸಿ, ಒಂದರ ಅರ್ಧ ನಿಯಮವನ್ನು ಇನ್ನೊಂದರ ಅರ್ಧದೊಡನೆ ಸೇರಿಸಿ ಸಂತತಿ ಪಡೆಯುತ್ತಾರೆ. ಅಲ್ಲೊಂದು ಇಲ್ಲೊಂದು ಸಂಖ್ಯೆಯನ್ನು ಬೇಕೆಂದೇ ತುಸು ಕದಲಿಸುತ್ತಾರೆ. ಪ್ರಕೃತಿಯಲ್ಲಿ ಆಕಸ್ಮಿಕ ಮಾರ್ಪಾಟುಗಳಾಗುವಂತೆ. ಹೊಸ ಪೀಳಿಗೆ, ಹೊಸ ಪರೀಕ್ಷೆ. ಹೊಲದಲ್ಲಿ ವರ್ಷಕ್ಕೆ ಒಂದೆರಡು ಬೆಳೆಯಾದರೆ ಯಂತ್ರದಲ್ಲಿ ಒಂದು ಮಧ್ಯಾಹ್ನಕ್ಕೆ ಸಾವಿರ ಬೆಳೆ. ಯಾವ ಮನುಷ್ಯನೂ ಯೋಚಿಸಿರದ ನಿಯಮಗಳು, ಯಾರೂ ಬಿಡಿಸಿರದ ಚಿತ್ರಗಳು ಕೊನೆಗೆ ಉಳಿಯುತ್ತವೆ. ಕೆಲವು ಮೋಡದಂತೆ, ಕೆಲವು ನವಿಲಗರಿಯಂತೆ.

ಅಪಾಯ ಇಲ್ಲಿಯೇ ಇದೆ. ಬೇಕಾದಂತೆ ಬೇರೆಯಾಗಿ ಕಾಣುವ ಚಿತ್ರವನ್ನೇ ಸಾವಿರ ತಲೆಮಾರು ಆರಿಸಿದ ಮೇಲೆ ಚಿತ್ರ ಬೇರೆಯಾಗಿ ಕಂಡದ್ದರಲ್ಲಿ ಆಶ್ಚರ್ಯವೇನು? ಹತ್ತು ಪ್ರಶ್ನೆಗಳನ್ನು ಉರು ಹೊಡೆದ ಹುಡುಗನು ಅದೇ ಹತ್ತಕ್ಕೆ ನೂರು ಅಂಕ ತೆಗೆದುಕೊಳ್ಳುತ್ತಾನೆ. ಹನ್ನೊಂದನೆಯದನ್ನು ಕೇಳಿದಾಗ ಕಿಟಕಿಯ ಕಡೆ ನೋಡುತ್ತಾನೆ. ಆದುದರಿಂದ ಸಾಕುವಾಗ ತೋರಿಸದ ಡಿಎನ್‌ಎ ತುಣುಕುಗಳನ್ನು ಮೊದಲೇ ಎತ್ತಿಟ್ಟು, ಕೊನೆಯಲ್ಲಿ ಅವುಗಳ ಮೇಲೆ ಪರೀಕ್ಷಿಸಬೇಕು. ಅಲ್ಲಿಯೂ ಚುಕ್ಕಿಗಳು ಬೇರೆಯಾಗಿ ನಿಂತರೆ ಮಾತ್ರ ಆ ನಿಯಮ ಡಿಎನ್‌ಎಯ ಬಗೆಗೆ ಏನನ್ನೋ ಕಲಿತಿದೆಯೆನ್ನಬೇಕು. ಇಲ್ಲವಾದರೆ ಅದು ಗೋಡೆಗೆ ತೂಗುಹಾಕಲು ತಕ್ಕ ಚಿತ್ರ, ಅಷ್ಟೆ. ಈ ಎಚ್ಚರವನ್ನು ಕೈಬಿಟ್ಟ ಪ್ರಬಂಧಗಳಿಗಿಂತ ಹೊಸಿಲ ರಂಗೋಲಿಯೇ ಮೇಲು. ಅದು ಸುಳ್ಳು ಹೇಳುವುದಿಲ್ಲ.

ರಂಗೋಲಿಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ಅವರ ಸಂಗಡಿಗರು 1974ರಷ್ಟು ಹಿಂದೆಯೇ ತಮಿಳು ಹೆಂಗಸರ ಕೋಲಂಗಳಿಗೆ ವ್ಯಾಕರಣ ಬರೆದರು. ಇಷ್ಟು ಚುಕ್ಕಿ, ಇಷ್ಟು ಸಾಲು, ಹೀಗೆ ಸುತ್ತಬೇಕು ಎಂಬ ನಿಯಮಗಳನ್ನು ಗಣಕಶಾಸ್ತ್ರದ ಭಾಷೆಗೆ ತಂದದ್ದರಿಂದ ಚಿತ್ರಗಳ ವ್ಯಾಕರಣವೆಂಬ ವಿಭಾಗಕ್ಕೆ ಅಡಿಗೆಮನೆಯಂಗಳದಿಂದ ಉದಾಹರಣೆಗಳು ದೊರೆತವು. ಕಲಿತವರು ಕಲಿಯದವರೆಂಬ ಭೇದವನ್ನು ಅಂಗಳದ ಚುಕ್ಕಿಗಳು ಕೇಳಿದಂತೆ ಕಾಣುವುದಿಲ್ಲ.

ಕಾಣದ ತಾಯಿ

ಹಾಗಾದರೆ ರಾಗಿಗೆ ಇದರಿಂದೇನು? ಚಿತ್ರ ಬಿಡಿಸಿದ ಮಾತ್ರಕ್ಕೆ ಬೆಂಕಿರೋಗ ಹೋಗುವುದಿಲ್ಲ. ಅದನ್ನು ತಡೆಯಬಲ್ಲ ಜಿ.ಪಿ.ಯು.-28ರಂಥ ತಳಿಗಳನ್ನು 1990ರ ದಶಕದಲ್ಲಿ ಹೊಲಕ್ಕೆ ತಂದದ್ದು ಗಿಡಗಳ ನಡುವೆ ಬಿಸಿಲಿನಲ್ಲಿ ನಿಂತು ಮಾಡಿದ ಆಯ್ಕೆ. ಆದರೆ ಚಿತ್ರದ ಸಹಿ ಉಪಯೋಗಕ್ಕೆ ಬರಬಹುದಾದ ಒಂದು ಪ್ರಶ್ನೆ ರಾಗಿಯ ಮನೆತನದಲ್ಲೇ ಇದೆ.

ರಾಗಿಯ ಕೋಶದಲ್ಲಿ 36 ವರ್ಣತಂತುಗಳು. ಅವು ಒಂದೇ ಮೂಲದವಲ್ಲ. ಬಹು ಹಿಂದೆ ಎರಡು ಬೇರೆ ಬೇರೆ ಹುಲ್ಲುಗಳು ಕೂಡಿ, ಇಬ್ಬರ ಆಸ್ತಿಯೂ ಒಟ್ಟಿಗೆ ಉಳಿದು ಈ ಮನೆತನವಾಯಿತು. ವಿಜ್ಞಾನಿಗಳು ಒಂದು ಪಾಲನ್ನು ಎ ಎಂದೂ ಇನ್ನೊಂದನ್ನು ಬಿ ಎಂದೂ ಕರೆಯುತ್ತಾರೆ. ಎ ಪಾಲು ಎಲ್ಯುಸೀನ್ ಇಂಡಿಕ ಎಂಬ ಹುಲ್ಲಿನ ವಂಶದಿಂದ ಬಂದದ್ದು. ಆ ಹುಲ್ಲು ಇಂದೂ ರಾಗಿಯ ಹೊಲದಲ್ಲಿಯೇ ಕಳೆಯಾಗಿ ಬೆಳೆಯುತ್ತದೆ. ಎಳೆಯದಾಗಿರುವಾಗ ಪೈರನ್ನೂ ಅದನ್ನೂ ಬೇರ್ಪಡಿಸುವುದು ಅನುಭವಸ್ಥರಿಗೂ ಕಷ್ಟ. ಕಳೆ ಕೀಳುವ ಹೆಣ್ಣುಮಕ್ಕಳು ಕುಡುಗೋಲಿನಿಂದ ಕಿತ್ತು ಬದುವಿಗೆ ಎಸೆಯುವುದು ರಾಗಿಯ ರಕ್ತಸಂಬಂಧಿಯನ್ನೇ. ಬಿ ಪಾಲನ್ನು ಕೊಟ್ಟ ಹುಲ್ಲನ್ನು ಈವರೆಗೆ ಯಾರೂ ಗುರುತಿಸಿಲ್ಲ. ಅದು ಪೂರ್ವ ಆಫ್ರಿಕದ ಯಾವುದೋ ಇಳಿಜಾರಿನಲ್ಲಿ ಹೆಸರಿಲ್ಲದೆ ನಿಂತಿರಬಹುದು, ಇಲ್ಲವೇ ಅಳಿದುಹೋಗಿರಬಹುದು. ಹರದನಹಳ್ಳಿಯ ಕಣದಲ್ಲಿ ಎತ್ತಿಟ್ಟ ಬೀಜದ ಪ್ರತಿಯೊಂದು ಕಾಳಿನಲ್ಲೂ ಅದರ ಬರೆವಣಿಗೆ ಅರ್ಧದಷ್ಟು ಉಳಿದಿದೆ. ತುಣುಕೊಂದು ಸಾಕು, ಚೌಕದೊಳಗೆ ಇಡಿಯ ಸಹಿ ಮೂಡುತ್ತದೆ. ಆ ಸಹಿಗೆ ಹೊಂದುವ ಹುಲ್ಲೆಸಳಿಗಾಗಿ ಹುಡುಕಾಟ ಇನ್ನೂ ಉಳಿದಿದೆ.